ಹದಿನೇಳನೇ ಪುಟದಿಂದ

ಎರಡು ಬೇಸಿಗೆಗಳ ಹಿಂದಿನ ಒಂದು ರಾತ್ರಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಅವತ್ತು ನಡೆದದ್ದು ಹೊರಗಿನಿಂದ ನೋಡಿದರೆ ಏನೂ ಅಲ್ಲ. ಒಂದು ಕಾದಂಬರಿ ಓದುತ್ತಿದ್ದೆ, ಕೊನೆಯ ಪುಟ ಬಂತು, ಓದಿದೆ, ಮುಚ್ಚಿದೆ. ಮುಚ್ಚಿದ ಕೈ ಹಾಗೇ ಮುಂದಕ್ಕೆ ಹೋಗಿ ದಿಂಬಿನ ಪಕ್ಕದಲ್ಲಿದ್ದ ನೋಟ್‌ಬುಕ್ ತೆಗೆದು 19 ಎಂದು ಬರೆಯಿತು. ಆಮೇಲೆ ಪುಸ್ತಕದ ಹೆಸರು, ತಾರೀಖು. ಬೇಸಿಗೆ ಮುಗಿಯುವುದರೊಳಗೆ 24 ಪುಸ್ತಕ ಎಂದು ಗುರಿ ಇಟ್ಟುಕೊಂಡಿದ್ದೆ. ಇನ್ನು ಐದು ಉಳಿಯಿತು ಅಂದುಕೊಂಡೆ. ದೀಪ ಆರಿಸಿ ಮಲಗಿದೆ. ಅರ್ಧ ಗಂಟೆ ಕಳೆದಿರಬಹುದು, ಇದ್ದಕ್ಕಿದ್ದಂತೆ ಒಂದು ಅನುಮಾನ ಬಂತು: ಕಥೆಯ ಕೊನೆಯಲ್ಲಿ ಆ ತಂದೆ ಮಗನ ಮನೆ ಬಾಗಿಲು ತಟ್ಟಿದನೋ, ತಟ್ಟದೆ ವಾಪಸ್ಸು ಬಂದನೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎದ್ದು ದೀಪ ಹಾಕಿ ಮತ್ತೆ ಆ ಪುಟ ತೆಗೆದು ನೋಡಿದೆ. ತಟ್ಟಿರಲಿಲ್ಲ. ಬಾಗಿಲವರೆಗೆ ಬಂದು, ಕೈ ಎತ್ತಿ, ಒಳಗಿನ ಮಾತು ಕೇಳಿಸಿಕೊಂಡು ಹೊರಟುಹೋಗಿದ್ದ. ಇಡೀ ಕಾದಂಬರಿ ಯಾವ ಒಂದು ಗಳಿಗೆಗಾಗಿ ಮುನ್ನೂರು ಪುಟ ನಡೆದು ಬಂದಿತ್ತೋ ಆ ಗಳಿಗೆ ನನ್ನ ಕಣ್ಣ ಮುಂದೆಯೇ ಹಾದುಹೋಗಿತ್ತು, ನಾನು ಅಲ್ಲಿರಲಿಲ್ಲ.

ಮರೆವು ಶುರುವಾಯಿತೇನೋ ಎಂದು ಮೊದಲು ಹೆದರಿಕೆಯಾಯಿತು. ಆದರೆ 19 ಎಂಬುದು ಚೆನ್ನಾಗಿ ನೆನಪಿತ್ತು. ಯಾವ ಪುಸ್ತಕ ಎಷ್ಟನೆಯದು, ಯಾವುದಕ್ಕೆ ಎಷ್ಟು ದಿನ ಹಿಡಿಯಿತು, ಯಾವ ವಾರ ಹಿಂದೆ ಬಿದ್ದೆ ಎಲ್ಲವೂ ನೆನಪಿದ್ದವು. ಕೊನೆಯ ಅಧ್ಯಾಯ ಓದುವಾಗ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಬಲಗೈಯಲ್ಲಿ ಉಳಿದ ಹಾಳೆಗಳ ದಪ್ಪವನ್ನು ಬೆರಳು ಅಳೆಯುತ್ತಿತ್ತು. ಕಣ್ಣು ಆಗಾಗ ಪುಟದ ಮೂಲೆಯ ಅಂಕಿಯ ಕಡೆ ಹೋಗುತ್ತಿತ್ತು. ತಂದೆ ಬಾಗಿಲು ತಟ್ಟುವುದನ್ನು ನಾನು ಕಾಯುತ್ತಿರಲಿಲ್ಲ, ಪುಸ್ತಕ ಮುಗಿಯುವುದನ್ನು ಕಾಯುತ್ತಿದ್ದೆ. ಯಾರೂ ಹೇಳದೆ, ಯಾರೂ ಕೇಳದೆ, ನನ್ನ ಖುಷಿಗೆಂದೇ ಹಿಡಿದ ಪುಸ್ತಕವದು. ಅದನ್ನು ಬೇಗ ದಾಟಿ ಹೋಗಬೇಕಾದ ದಾರಿ ಮಾಡಿಕೊಂಡವನು ನಾನೇ.

ಓದು ಎಂಬ ಮಾತು

ನಮ್ಮ ಭಾಷೆಯಲ್ಲಿ ಓದು ಎಂಬುದು ಭಾರವಾದ ಮಾತು. ‘ಹೋಗಿ ಓದ್ಕೋ’ ಎಂದರೆ ಪಾಠ ಓದಿಕೊ ಎಂದೇ ಅರ್ಥ. ‘ಎಷ್ಟನೇ ಕ್ಲಾಸ್ ಓದ್ತಿದೀಯ’, ‘ಎಷ್ಟು ಓದಿದ್ದಾರೆ’, ‘ಓದಿದವರ ಹಾಗೆ ಮಾತಾಡು’ – ಇವುಗಳಲ್ಲೆಲ್ಲ ಓದು ಎಂದರೆ ವಿದ್ಯೆ, ಪದವಿ, ಮುಂದೆ ಬರುವುದು. ಕಥೆಪುಸ್ತಕ ಓದುವ ಮಗುವಿಗೆ ಬೀಳುವ ಬೈಗುಳವನ್ನು ಗಮನಿಸಿ: ‘ಓದೋದು ಬಿಟ್ಟು ಕಥೆಪುಸ್ತಕ ಹಿಡ್ಕೊಂಡು ಕೂತಿದೀಯಾ?’ ಆ ವಾಕ್ಯದಲ್ಲಿ ಕಥೆ ಓದುವುದು ಓದೇ ಅಲ್ಲ, ಓದಿಗೆ ಅಡ್ಡ ಬಂದ ಇನ್ನೊಂದು ಚಟ. ಸುಮ್ಮನೆ, ಮನಸ್ಸಿಗೆ ಹಿತವಾಗಲಿ ಎಂದು ಓದುವುದಕ್ಕೆ ಬೇರೆಯದೇ ಆದ ಒಂದು ಕ್ರಿಯಾಪದ ನಮ್ಮಲ್ಲಿ ಹುಟ್ಟಲೇ ಇಲ್ಲವೇನೋ. ಪುಸ್ತಕ ಹಿಡಿದುಕೊಂಡು ಕೂರುವುದು ಎನ್ನುತ್ತೇವೆ, ಅಷ್ಟೆ.

ಬೈಯುವವರು ಈಗ ಯಾರೂ ಇಲ್ಲ. ಆದರೆ ಆ ದನಿ ಒಳಗೆಲ್ಲೋ ಉಳಿದಿದೆ ಎಂದು ನನಗೆ ಅನಿಸುತ್ತದೆ. ಹಗಲು ಹೊತ್ತಿನಲ್ಲಿ ಕಾದಂಬರಿ ಹಿಡಿದು ಕೂತರೆ ಏನೋ ಕದ್ದು ಮಾಡುತ್ತಿರುವ ಭಾವ. ಅದನ್ನು ಸಮಾಧಾನ ಮಾಡಲು ನಾನು ಕಥೆ ಓದುವುದಕ್ಕೂ ಪಾಠದ ಉಡುಪು ತೊಡಿಸಿದೆ. ಪಟ್ಟಿ ಮಾಡಿದೆ, ಗುರಿ ಇಟ್ಟೆ, ತಾರೀಖು ಹಾಕಿದೆ, ಹಳೆಯ ಕೃತಿ ಇಷ್ಟು, ಹೊಸದು ಇಷ್ಟು, ಅನುವಾದ ಇಷ್ಟು ಎಂದು ಪಾಲು ಹಂಚಿದೆ. ಈಗ ಅದು ಚಟವಲ್ಲ, ಕೆಲಸ. ಕೆಲಸ ಮಾಡುವವರನ್ನು ಯಾರು ತಾನೇ ಬೈದಾರು?

ಇದೇ ಭಾಷೆ ಇನ್ನೊಂದು ಮಾತನ್ನೂ ಕೊಟ್ಟಿದೆ, ಅದು ನನಗೆ ತುಂಬಾ ಇಷ್ಟ. ಒಂದು ಪುಸ್ತಕ ಚೆನ್ನಾಗಿದೆ ಎನ್ನಲು ನಾವು ‘ಓದಿಸಿಕೊಂಡು ಹೋಗುತ್ತದೆ’ ಎನ್ನುತ್ತೇವೆ. ಆ ಮಾತಿನಲ್ಲಿ ಕೆಲಸ ಮಾಡುತ್ತಿರುವುದು ಪುಸ್ತಕ. ಅದು ತನ್ನನ್ನು ತಾನು ಓದಿಸಿಕೊಳ್ಳುತ್ತದೆ, ನಮ್ಮನ್ನು ಕರೆದುಕೊಂಡು ಹೊರಟುಬಿಡುತ್ತದೆ. ಇನ್ನೊಂದು ಕಡೆ ‘ಓದಿ ಮುಗಿಸಿದೆ’, ‘ಓದಿ ಹಾಕಿದೆ’ ಎನ್ನುತ್ತೇವೆ. ಅಲ್ಲಿ ಎಲ್ಲವನ್ನೂ ಮಾಡುವವರು ನಾವು, ಪುಸ್ತಕ ಸುಮ್ಮನೆ ಬಿದ್ದಿರುತ್ತದೆ. ಆ ಬೇಸಿಗೆಯ 19 ಪುಸ್ತಕಗಳನ್ನು ನಾನು ಓದಿ ಹಾಕಿದ್ದೆ. ಓದಿಸಿಕೊಂಡು ಹೋಗಲು ಅವುಗಳಲ್ಲಿ ಒಂದಕ್ಕೂ ನಾನು ಬಿಟ್ಟಿರಲಿಲ್ಲ.

ರಟ್ಟಿಲ್ಲದ ಪುಸ್ತಕ

ಹನ್ನೆರಡನೇ ವಯಸ್ಸಿನಲ್ಲಿ ಒಂದು ಬೇಸಿಗೆ ರಜೆಯ ಬಹುಪಾಲನ್ನು ಸಂಬಂಧಿಕರೊಬ್ಬರ ಮನೆಯಲ್ಲಿ ಕಳೆದೆ. ನನ್ನ ವಯಸ್ಸಿನವರು ಅಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗುತ್ತಿದ್ದರು, ಸದ್ದು ಮಾಡಬಾರದು ಎಂಬುದೊಂದೇ ಕಟ್ಟಳೆ. ಹಿಂದಿನ ಕೋಣೆಯಲ್ಲಿ ಹಳೆಯ ಟ್ರಂಕುಗಳು, ಮುರಿದ ಕುರ್ಚಿ, ಗೋಡೆಗೆ ಒರಗಿಸಿಟ್ಟ ಮಂಚದ ಚೌಕಟ್ಟು. ಅವುಗಳ ನಡುವೆ ಒಂದು ಕಟ್ಟು ಪುಸ್ತಕ. ಬಹುತೇಕ ಲೆಕ್ಕದ, ವ್ಯಾಕರಣದ ಪುಸ್ತಕಗಳು. ಒಂದು ಮಾತ್ರ ಬೇರೆ ಥರ ಇತ್ತು. ಅದಕ್ಕೆ ರಟ್ಟಿರಲಿಲ್ಲ, ಬೆನ್ನು ಕಿತ್ತುಹೋಗಿ ಹೊಲಿಗೆಯ ದಾರ ಕಾಣುತ್ತಿತ್ತು. ಮೊದಲ ಪುಟವೆಂದು ಕಾಣುತ್ತಿದ್ದ ಪುಟದ ಮೇಲೆ 17 ಎಂಬ ಅಂಕಿ. ಅದರ ಮೊದಲ ಸಾಲು ಒಂದು ವಾಕ್ಯದ ಹಿಂಬಾಲ, ಯಾರೋ ಯಾರಿಗೋ ಏನನ್ನೋ ಹೇಳಿ ಮುಗಿಸುತ್ತಿದ್ದರು.

ಪುಸ್ತಕಗಳನ್ನು ಬಿಡಿ ಹಾಳೆಗಳಾಗಿ ಅಚ್ಚು ಹಾಕುವುದಿಲ್ಲ, ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಮಾಡಿ, ಅದನ್ನು ಮಡಚಿ ಸಾಮಾನ್ಯವಾಗಿ 16 ಪುಟದ ಒಂದು ಫಾರಂ ಮಾಡುತ್ತಾರೆ, ಅಂಥ ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ತಟ್ಟನೆ ಆ 17 ನೆನಪಾಯಿತು. ಹರಿದದ್ದು ಅಲ್ಲೊಂದು ಇಲ್ಲೊಂದು ಹಾಳೆಯಾಗಿರಲಿಲ್ಲ. ಮೊದಲ ಫಾರಂ ಇಡಿಯಾಗಿ ಕಳಚಿಬಿದ್ದಿತ್ತು. ಅದರ ಜೊತೆ ಪುಸ್ತಕದ ಹೆಸರು, ಬರೆದವರ ಹೆಸರು, ಅಚ್ಚಾದ ವರ್ಷ, ಮುನ್ನುಡಿ, ಅರ್ಪಣೆ ಎಲ್ಲವೂ ಹೋಗಿದ್ದವು. ಇದು ದೊಡ್ಡವರ ಪುಸ್ತಕವೋ ಮಕ್ಕಳದ್ದೋ, ಹೆಸರಾಂತ ಕೃತಿಯೋ ಯಾರಿಗೂ ಬೇಡವಾದದ್ದೋ, ಕಥೆ ಎಲ್ಲಿ ನಡೆಯುತ್ತದೆ, ಇವರೆಲ್ಲ ಯಾರು, ಒಂದೂ ನನಗೆ ಗೊತ್ತಿರಲಿಲ್ಲ.

ನೆಲದ ಮೇಲೆ, ಕಿಟಕಿಯ ಕೆಳಗೆ, ಬಿಸಿಲು ಬೀಳದ ಒಂದು ಪಟ್ಟೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಓದಿದೆ. ಬಿಸಿಲು ಸರಿದಂತೆ ನಾನೂ ಸರಿಯುತ್ತಿದ್ದೆ. ಹಾಳೆಗಳು ಎಷ್ಟು ಒಣಗಿದ್ದವೆಂದರೆ ತಿರುವಿದರೆ ಮೂಲೆ ಮುರಿದು ಕೈಗೆ ಬರುತ್ತಿತ್ತು, ಅದಕ್ಕೇ ಎರಡೂ ಅಂಗೈಯಿಂದ ಎತ್ತಿ ಮಗ್ಗುಲು ಬದಲಿಸಬೇಕಿತ್ತು. ಕಥೆಯಲ್ಲಿ ಒಬ್ಬ ಹೆಂಗಸು ಪತ್ರಗಳನ್ನು ಬರೆದು ಕಳಿಸದೆ ಇಟ್ಟುಕೊಳ್ಳುತ್ತಿದ್ದಳು. ಅವಳು ಯಾರ ಹೆಂಡತಿ, ಯಾರ ತಂಗಿ ಎಂಬುದು ಕಳೆದುಹೋದ ಪುಟಗಳಲ್ಲಿ ಇದ್ದಿರಬೇಕು. ನಾನು ಅವಳ ಮಾತುಗಳಿಂದ ಊಹಿಸುತ್ತ ಹೋದೆ. ಮೊದಲು ತಂಗಿ ಅಂದುಕೊಂಡೆ, ಐವತ್ತು ಪುಟ ಕಳೆದ ಮೇಲೆ ಅಲ್ಲ ಎಂದು ಗೊತ್ತಾಗಿ, ಅಲ್ಲಿಯವರೆಗೆ ಓದಿದ್ದೆಲ್ಲ ತಲೆಯೊಳಗೆ ಮಗುಚಿಕೊಂಡಿತು. ಆ ಮಗುಚಿಕೊಂಡ ಗಳಿಗೆಯ ಖುಷಿ ಇವತ್ತಿಗೂ ಮೈಯಲ್ಲಿ ಉಳಿದಿದೆ. ಅವಳ ಪತ್ರಗಳ ಕೆಲವು ಮಾತು ನೆನಪಿವೆ. ಅವಳ ಮನೆಯ ಮೆಟ್ಟಿಲು ಯಾವ ಕಡೆ ಇತ್ತು ಎಂಬುದೂ ನೆನಪಿದೆ. ಅದನ್ನು ಓದಲು ಎಷ್ಟು ದಿನ ಹಿಡಿಯಿತೋ ಗೊತ್ತಿಲ್ಲ. ಎಷ್ಟು ಪುಟದ ಪುಸ್ತಕ ಎಂಬುದೂ ಗೊತ್ತಿಲ್ಲ, ಮೊದಲ ಅಂಕಿ 17 ಎಂಬುದೊಂದು ಬಿಟ್ಟು.

ಎರಡು ಬೇಸಿಗೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಬೇಸರವಾಗುತ್ತದೆ. ಒಂದರಲ್ಲಿ ಪುಸ್ತಕದ ಹೆಸರೂ ಇಲ್ಲದೆ ಎಲ್ಲವೂ ಉಳಿದಿದೆ. ಇನ್ನೊಂದರಲ್ಲಿ ಹೆಸರು, ತಾರೀಖು, ಅಂಕಿ ಎಲ್ಲ ಇದ್ದೂ ತಂದೆ ಬಾಗಿಲು ತಟ್ಟಿದನೋ ಇಲ್ಲವೋ ನೆನಪಾಗಲಿಲ್ಲ. ವಯಸ್ಸಿನ ವ್ಯತ್ಯಾಸ ಇದ್ದೇ ಇದೆ, ಹನ್ನೆರಡರ ತಲೆ ಬೇರೆ. ಆದರೆ ಅದೊಂದರಿಂದಲೇ ಇಷ್ಟೂ ಆಗಿದೆ ಎಂದು ಒಪ್ಪಲು ನನ್ನಿಂದಾಗದು.

ಚಿನ್ನದ ಮುದ್ರೆಯ ಕಾಗದ

1973ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದಲ್ಲಿ ಮಾಡಿದ್ದು. ಬಣ್ಣದ ಸ್ಕೆಚ್ ಪೆನ್ನು ಕಂಡರೆ ತಾವಾಗಿಯೇ ಚಿತ್ರ ಬಿಡಿಸಲು ಕೂರುವ, ಮೂರರಿಂದ ಐದು ವರ್ಷದೊಳಗಿನ ಮಕ್ಕಳನ್ನು ಆರಿಸಿಕೊಂಡರು. ಕೆಲವು ಮಕ್ಕಳಿಗೆ ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪತ್ರ ಕೊಟ್ಟರು. ಇನ್ನು ಕೆಲವರಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರದ ನಂತರ ಅದೇ ಪೆನ್ನುಗಳನ್ನು ಮತ್ತೆ ಕೋಣೆಯಲ್ಲಿಟ್ಟು, ಯಾರಿಗೂ ಏನೂ ಹೇಳದೆ ನೋಡಿದರು. ಪ್ರಶಸ್ತಿ ಸಿಗುತ್ತದೆಂದು ಗೊತ್ತಿದ್ದು ಬಿಡಿಸಿದ್ದ ಮಕ್ಕಳು ಉಳಿದ ಮಕ್ಕಳು ಕಳೆದ ಸಮಯದ ಸುಮಾರು ಅರ್ಧದಷ್ಟನ್ನು ಮಾತ್ರ ಚಿತ್ರದ ಜೊತೆ ಕಳೆದರು. ಕೇಳದೆ ಪ್ರಶಸ್ತಿ ಸಿಕ್ಕವರ ಖುಷಿಗೆ ಏನೂ ಆಗಿರಲಿಲ್ಲ.

ಇದನ್ನು ಮೊದಲ ಸಲ ತಿಳಿದಾಗ ನನ್ನ ನೋಟ್‌ಬುಕ್ಕಿನ ಅಂಕಣಗಳು ಕಣ್ಣ ಮುಂದೆ ಬಂದವು. ನನಗೆ ಪ್ರಶಸ್ತಿಪತ್ರ ಕೊಡುವವರು ಯಾರೂ ಇರಲಿಲ್ಲ, ಅದನ್ನು ನಾನೇ ನನಗೆ ಮಾಡಿಕೊಂಡಿದ್ದೆ. ಆ ಪ್ರಯೋಗದಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಬಹುಮಾನ ಸಿಕ್ಕಿತೆಂಬ ವಿಷಯ ಅಲ್ಲ, ಸಿಗುತ್ತದೆ ಎಂದು ಮೊದಲೇ ಗೊತ್ತಿದ್ದದ್ದು. ಪೆನ್ನು ಹಿಡಿಯುವ ಮೊದಲೇ ಆ ಮಗುವಿನ ಕಣ್ಣು ಬೇರೆಡೆ ಹೋಗಿಬಿಟ್ಟಿತ್ತು. ಪುಸ್ತಕ ತೆರೆಯುವ ಮೊದಲೇ ನನ್ನದೂ.

ಮೊಂತೇನ್‌ನ ವಿಷಯ ಇಲ್ಲಿ ಹೇಳಲೇಬೇಕು. 16ನೇ ಶತಮಾನದ ಈ ಫ್ರೆಂಚ್ ಲೇಖಕ 1571ರಲ್ಲಿ, 38ನೇ ವಯಸ್ಸಿಗೆ, ಹುದ್ದೆ ಬಿಟ್ಟು ಬಂದು ತನ್ನ ಮನೆಯ ದುಂಡು ಗೋಪುರವೊಂದರಲ್ಲಿ ಪುಸ್ತಕಗಳ ನಡುವೆ ಕೂತ. ಅಲ್ಲಿ ಒಮ್ಮೆ ಈ ಪುಸ್ತಕ, ಒಮ್ಮೆ ಆ ಪುಸ್ತಕ ಎಂದು ಕ್ರಮವಿಲ್ಲದೆ, ಯೋಜನೆಯಿಲ್ಲದೆ ತಿರುವಿಹಾಕುತ್ತೇನೆ ಎಂದು ತಾನೇ ಬರೆದಿದ್ದಾನೆ. ಒಂದು ಪುಸ್ತಕ ಬೇಸರ ತಂದರೆ ಇನ್ನೊಂದನ್ನು ಹಿಡಿಯುತ್ತಿದ್ದ. ಕಷ್ಟದ ಭಾಗ ಬಂದರೆ ಒಂದೆರಡು ಸಲ ಪ್ರಯತ್ನಿಸಿ ಬಿಟ್ಟುಬಿಡುತ್ತಿದ್ದ. ಯೋಜನೆಯಿಲ್ಲದ ಓದಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎಂದು ನಾನು ಹಿಗ್ಗಿದ್ದೆ. ಆದರೆ ಇದೇ ಮನುಷ್ಯ, ತನ್ನ ಮರೆವಿಗೆ ಹೆದರಿ, ಒಮ್ಮೆ ಮಾತ್ರ ಓದಲೆಂದು ಹಿಡಿದ ಪ್ರತಿ ಪುಸ್ತಕದ ಕೊನೆಯಲ್ಲಿ ಅದನ್ನು ಓದಿ ಮುಗಿಸಿದ ದಿನವನ್ನು ಬರೆದಿಡುತ್ತಿದ್ದ! ಅದನ್ನು ತಿಳಿದ ದಿನ ನನ್ನ ವಾದ ಅಲುಗಾಡಿತು. ಅವನೂ ತಾರೀಖು ಹಾಕುತ್ತಿದ್ದ, ನಾನೂ ಹಾಕುತ್ತಿದ್ದೆ. ಹಾಗಾದರೆ ತಪ್ಪಿದ್ದು ಎಲ್ಲಿ?

ಬಹಳ ದಿನ ಇದನ್ನು ತಲೆಯಲ್ಲಿ ಹೊತ್ತು ತಿರುಗಿದೆ. ಮೊಂತೇನ್ ತಾರೀಖಿನ ಜೊತೆ ಇನ್ನೊಂದನ್ನೂ ಬರೆಯುತ್ತಿದ್ದ: ಆ ಪುಸ್ತಕದ ಬಗ್ಗೆ ತನಗೆ ಏನನ್ನಿಸಿತು, ಬರೆದವನು ಎಂಥವನೆಂದು ತೋರಿತು ಎಂಬುದನ್ನು. ಮತ್ತು ಅವನು ಬರೆಯುತ್ತಿದ್ದದ್ದು ಆ ಪುಸ್ತಕದೊಳಗೇ. ನಾನು ಬರೆಯುತ್ತಿದ್ದದ್ದು ಹೊರಗೆ, ಒಂದು ಪಟ್ಟಿಯಲ್ಲಿ, ಹಿಂದಿನ ಅಂಕಿಯ ಕೆಳಗೆ, ಮುಂದಿನದರ ಮೇಲೆ. ಅವನ ತಾರೀಖು ಆ ಪುಸ್ತಕದ ಕಡೆಗೆ ತಿರುಗಿತ್ತು, ನನ್ನದು 24ರ ಕಡೆಗೆ.

ಪಟ್ಟಿ ಮಾಡಿದವನು ಯಾರು?

ಬೇಸಿಗೆಗೆ ಎರಡು ತಿಂಗಳು ಮುಂಚೆ ಕೂತು ಪಟ್ಟಿ ಮಾಡುವಾಗ ನಾನು ಒಂದು ಬಗೆಯ ಮನುಷ್ಯ. ಬೆಳಗಿನ ತಂಪು, ತುಂಬು ನಿದ್ದೆ, ಏನು ಬೇಕಾದರೂ ಓದಬಲ್ಲೆ ಎಂಬ ಹುಮ್ಮಸ್ಸು. ಆ ಮನುಷ್ಯ ದಪ್ಪ ಇತಿಹಾಸಗಳನ್ನು, ಮೂರು ತಲೆಮಾರಿನ ಕಾದಂಬರಿಗಳನ್ನು ಆರಿಸುತ್ತಾನೆ. ಬೇಸಿಗೆಯ ನಡುಹಗಲು ಅವನ್ನು ಓದಬೇಕಾದವನು ಬೇರೆ. 2016ರ ಬೇಸಿಗೆಯಲ್ಲಿ ಬಾಸ್ಟನ್ ನಗರದಲ್ಲಿ ಬಿಸಿಗಾಳಿ ಬಂದಾಗ 44 ವಿದ್ಯಾರ್ಥಿಗಳನ್ನು ಹನ್ನೆರಡು ದಿನ ಗಮನಿಸಿದ ಒಂದು ಅಧ್ಯಯನವಿದೆ. ಎ.ಸಿ. ಇಲ್ಲದ ಕೊಠಡಿಗಳಲ್ಲಿ ಮಲಗಿದ್ದವರು ಬೆಳಗ್ಗೆ ಎದ್ದಾಗ ಸರಳ ಪರೀಕ್ಷೆಗಳಲ್ಲೂ, ತಂಪಾದ ಕೊಠಡಿಯಲ್ಲಿ ಮಲಗಿದ್ದವರಿಗಿಂತ ನಿಧಾನವಾಗಿದ್ದರು. ಅದನ್ನು ಓದಿ ನನಗೆ ಸಮಾಧಾನವಾಯಿತು. ಸೆಖೆಯಲ್ಲಿ ಉದ್ದ ವಾಕ್ಯದ ಬಾಲ ಸಿಗುವ ಹೊತ್ತಿಗೆ ತಲೆ ಕಳೆದುಹೋಗುವುದು ನನ್ನ ಸೋಮಾರಿತನದಿಂದ ಮಾತ್ರ ಅಲ್ಲ. ಬಿಸಿಲಿಗೆ ತನ್ನದೇ ಓದು ಇದೆ. ಒಂದು ಪುಟ ಓದಿ, ಕಣ್ಣು ಮುಚ್ಚಿ, ಎಚ್ಚರವಾಗಿ, ಅದೇ ಪುಟವನ್ನು ಮತ್ತೆ ಓದುವ ಓದು. ಮಧ್ಯದಲ್ಲಿ ತೆರೆದು ಹತ್ತು ಸಾಲು ಓದಿ ಎದೆಯ ಮೇಲೆ ಕವುಚಿ ಹಾಕುವ ಓದು. ಅದಕ್ಕೆ ಯಾವ ಪುಸ್ತಕ ಸರಿಹೋಗುತ್ತದೆಂದು ಎರಡು ತಿಂಗಳ ಮುಂಚೆ ಯಾರಿಗೂ ಗೊತ್ತಾಗಲಾರದು. ಅವತ್ತಿನ ಪುಸ್ತಕವನ್ನು ಅವತ್ತಿನ ನಾನೇ ಆರಿಸಬೇಕು.

ವೇಗದ ಮಾತನ್ನೂ ಸ್ವಲ್ಪ ಹೇಳಬೇಕು. ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ, ಕುಪ್ಪಳಿಸುತ್ತದೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಓದು ಬಲ್ಲವರ ಕಣ್ಣು ಕೂಡ ಹತ್ತರಲ್ಲಿ ಒಂದು ಸಲವಾದರೂ ಹಿಂದಕ್ಕೆ ಹಾರಿ, ಈಗಷ್ಟೇ ದಾಟಿದ ಪದವನ್ನು ಮತ್ತೆ ನೋಡುತ್ತದೆ. ಹಿಂದಿರುಗುವುದು ಓದಿನ ದೋಷ ಎಂದು ನಾನು ನಂಬಿದ್ದೆ. ವಿಕ್ಟರ್ ನೆಲ್ ಎಂಬ ದಕ್ಷಿಣ ಆಫ್ರಿಕಾದ ಮನಶ್ಶಾಸ್ತ್ರಜ್ಞ ಖುಷಿಗಾಗಿ ಓದುವವರನ್ನೇ ಕೂರಿಸಿ, ಅವರ ಓದಿನ ವೇಗ ಅಳೆದು, 1988ರಲ್ಲಿ ಅದನ್ನೆಲ್ಲ ಒಂದು ಪುಸ್ತಕವಾಗಿ ತಂದರು. ಅವರು ಕಂಡದ್ದು: ಓದುಗರು ತಮಗೆ ಬಹಳ ಇಷ್ಟವಾದ ಪುಟಗಳಲ್ಲಿ ನಿಧಾನವಾಗುತ್ತಾರೆ. ಓದಿಸಿಕೊಂಡು ಹೋಗುವ ಪುಸ್ತಕ ಎಂದರೆ ಓಡಿಸಿಕೊಂಡು ಹೋಗುವ ಪುಸ್ತಕ ಎಂದೇ ನಾವು ತಿಳಿದಿರುತ್ತೇವೆ. ಆದರೆ ಅದು ಬೇಕಾದ ಕಡೆ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ತಂದೆ ಬಾಗಿಲ ಮುಂದೆ ಕೈ ಎತ್ತಿದ ಪುಟದಲ್ಲಿ ನನ್ನ ವೇಗ ಎಷ್ಟಿತ್ತೋ ನನಗೆ ಗೊತ್ತು. ಆ ಇಡೀ ಪುಸ್ತಕದಲ್ಲೇ ಅತಿ ಹೆಚ್ಚು.

ಇಷ್ಟೆಲ್ಲ ಆದರೂ ಪಟ್ಟಿ ಬಿಡಲು ಮನಸ್ಸು ಯಾಕೆ ಒಪ್ಪುವುದಿಲ್ಲ? ನನ್ನ ಮಟ್ಟಿಗೆ ಅದರ ಕೆಳಗಿರುವುದು ಭಯ. ವರ್ಷಕ್ಕೆ 30 ಪುಸ್ತಕದಂತೆ 50 ವರ್ಷ ಓದಿದರೂ ಒಂದು ಜೀವಮಾನಕ್ಕೆ 1,500. ಅಷ್ಟೇ ಇರುವುದರಿಂದ ಒಂದನ್ನೂ ಹಾಳು ಮಾಡಬಾರದು, ಒಳ್ಳೆಯವನ್ನೇ ಆರಿಸಿ ಸಾಲಾಗಿ ಇಟ್ಟುಕೊಳ್ಳಬೇಕು ಎಂಬ ಆತುರ. ಗೂಗಲ್‌ನವರು 2010ರಲ್ಲಿ ಜಗತ್ತಿನ ಒಟ್ಟು ಪುಸ್ತಕಗಳನ್ನು ಎಣಿಸುವ ಸಾಹಸ ಮಾಡಿ ಸುಮಾರು 13 ಕೋಟಿ ಎಂದು ಅಂದಾಜು ಹೇಳಿದ್ದರು. ನನ್ನ 1,500 ಅದರಲ್ಲಿ ಸುಮಾರು 87 ಸಾವಿರಕ್ಕೆ ಒಂದು. ಈ ಲೆಕ್ಕ ಮಾಡಿದ ದಿನ ನನಗೆ ದುಃಖವಾಗಬೇಕಿತ್ತು, ಹಗುರವೆನಿಸಿತು. ಎಷ್ಟೇ ಜಾಣತನದಿಂದ ಪಟ್ಟಿ ಮಾಡಿದರೂ ಓದದೆ ಉಳಿಯುವ ರಾಶಿ ಹಾಗೇ ಇರುತ್ತದೆ. ಕೈಗೆ ಸಿಕ್ಕದ್ದನ್ನು ಓದಿದರೂ ಅಷ್ಟೇ ಇರುತ್ತದೆ. ಹಾಗಿದ್ದ ಮೇಲೆ ಆ 1,500ರ ಜೊತೆ ನಾನು ಹೇಗಿದ್ದೆ ಎಂಬುದೊಂದೇ ನನ್ನ ಕೈಯಲ್ಲಿ ಉಳಿಯುವ ಮಾತು.

ಆದರೂ

ಪಟ್ಟಿಯನ್ನು ಪೂರ್ತಿ ತಳ್ಳಿಹಾಕಲಾರೆ. ಕೆಲವು ಪುಸ್ತಕಗಳು ನಮ್ಮ ಇಷ್ಟಕ್ಕೆ ಬಿಟ್ಟರೆ ಎಂದಿಗೂ ತೆರೆದುಕೊಳ್ಳುವುದಿಲ್ಲ. ಸಾವಿರ ಪುಟ ದಾಟಿದ ಒಂದು ಮಹಾಕಾದಂಬರಿಯನ್ನು ನಾನು ದಿನಕ್ಕೆ 12 ಪುಟ ಎಂದು ನೇಮ ಹಾಕಿಕೊಂಡು ಮೂರು ತಿಂಗಳು ಓದಿದ್ದೇನೆ. ಮೊದಲ ಇನ್ನೂರು ಪುಟ ಕಷ್ಟವಾಗಿತ್ತು. ನೇಮ ಇಲ್ಲದಿದ್ದರೆ ಅಲ್ಲೇ ಬಿಡುತ್ತಿದ್ದೆ, ಬಿಟ್ಟಿದ್ದರೆ ನನ್ನ ಬದುಕಿನ ದೊಡ್ಡ ಓದೊಂದು ತಪ್ಪಿಹೋಗುತ್ತಿತ್ತು. ಆ ನೇಮಕ್ಕೆ ನಾನು ಋಣಿ. ಅದು ಆ ಒಂದು ಪುಸ್ತಕಕ್ಕೆಂದೇ ಹುಟ್ಟಿದ ನೇಮ, ಅದರ ಕಷ್ಟ ನೋಡಿಯೇ ಕಟ್ಟಿದ್ದು. ಬೇಸಿಗೆಯ ಪಟ್ಟಿಗೆ ಪುಸ್ತಕಗಳ ಮುಖವೇ ಗೊತ್ತಿರಲಿಲ್ಲ, ಎಷ್ಟು ಎಂಬುದಷ್ಟೇ ಗೊತ್ತಿತ್ತು.

ಪಟ್ಟಿ ಬಿಟ್ಟ ಮಾತ್ರಕ್ಕೆ ಓದು ನಮ್ಮದಾಗುತ್ತದೆ ಎಂದೂ ಅಲ್ಲ. ನಾನು ನೋಟ್‌ಬುಕ್ ಮುಚ್ಚಿಟ್ಟ ಮೊದಲ ಕೆಲವು ವಾರ ಏನಾಯಿತೆಂದರೆ, ಮುಂದೇನು ಓದಲಿ ಎಂದು ಫೋನು ತೆಗೆಯತೊಡಗಿದೆ. ಇದನ್ನು ಇಷ್ಟಪಟ್ಟವರು ಇದನ್ನೂ ಇಷ್ಟಪಟ್ಟಿದ್ದಾರೆ ಎಂದು ಅದು ತೋರಿಸುತ್ತದೆ. ನಮ್ಮಂತೆಯೇ ಓದಿದ ಇತರರನ್ನು ಹುಡುಕಿ, ಅವರು ಓದಿ ನಾವು ಓದದೇ ಇರುವುದನ್ನು ಮುಂದಿಡುವುದು ಅದರ ರೀತಿ. ಕೆಲವು ಒಳ್ಳೆಯವು ಸಿಕ್ಕವು, ಸುಳ್ಳು ಹೇಳಲಾರೆ. ಆದರೆ ಅದು ನಿನ್ನೆಯ ನನ್ನನ್ನು ನೋಡಿ ಇವತ್ತಿನ ನನಗೆ ಕೊಡುವ ಪುಸ್ತಕ. ಪಟ್ಟಿ ಹಾಕುವವರು ಬದಲಾದರು, ಪಟ್ಟಿ ಉಳಿಯಿತು. ಹೆಸರಿಲ್ಲದ, ಬರೆದವರಿಲ್ಲದ, ಮೊದಲ ಫಾರಂ ಕಳೆದುಕೊಂಡ ಪುಸ್ತಕವೊಂದು ಆ ದಾರಿಯಲ್ಲಿ ನನ್ನವರೆಗೆ ಬರುವುದು ಸಾಧ್ಯವೇ ಇಲ್ಲ.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಹೇಳಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎಂಬುದರ ಪಕ್ಕದಲ್ಲೇ ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂಬುದೂ ಇದೆ. ಎರಡನೆಯದು ನೆರವೇರಬೇಕಾದರೆ ಕಪಾಟುಗಳು ತೆರೆದಿರಬೇಕು, ಓದುಗರು ಅವುಗಳ ನಡುವೆ ಓಡಾಡಬೇಕು ಎಂದು ಅವರು ವಾದಿಸಿದ್ದರು. ಪುಸ್ತಕದ ಕಡೆಯಿಂದ ನೋಡುವ ಈ ಕಣ್ಣು ನನಗೆ ಬಹಳ ದೊಡ್ಡದೆನಿಸುತ್ತದೆ. ಪಟ್ಟಿ ಹಿಡಿದು ಹೋದವನು ತನ್ನ ಪುಸ್ತಕ ಹುಡುಕುತ್ತಾನೆ, ಸಿಕ್ಕ ಕೂಡಲೇ ಹೊರಡುತ್ತಾನೆ. ಪಕ್ಕದಲ್ಲಿದ್ದ ಪುಸ್ತಕ ಮತ್ತೂ ಒಂದು ವರ್ಷ ಕಾಯುತ್ತದೆ.

ಕಳೆದ ಬೇಸಿಗೆ ನಾನು ಹಾಗೇ ಓಡಾಡಿದೆ. ಮನೆಯ ಕಪಾಟಿನಲ್ಲೇ, ಬೇರೆಲ್ಲೂ ಹೋಗಲಿಲ್ಲ. ಹಕ್ಕಿಗಳ ಬಗೆಗಿನ ಒಂದು ಪುಸ್ತಕವನ್ನು ನಡುವಿನಿಂದ ಓದಿದೆ. ಅದರಲ್ಲಿ ಒಬ್ಬ ಪ್ರವಾಸಿಯ ಮಾತು ಬಂತು, ಆತನ ದಿನಚರಿ ಹುಡುಕಿ ಅರ್ಧ ಓದಿದೆ. ಅದರೊಳಗಿನ ಸಮುದ್ರಯಾನದ ಅಧ್ಯಾಯ ಎಷ್ಟು ಹಿಡಿಯಿತೆಂದರೆ ಅದನ್ನೇ ಮೂರು ಸಲ ಓದಿದೆ, ಉಳಿದರ್ಧ ಇನ್ನೂ ಹಾಗೇ ಇದೆ. ಮುಗಿಸಿದ್ದು ಎಷ್ಟು ಎಂದು ಯಾರಾದರೂ ಕೇಳಿದರೆ ಬಹುಶಃ ನಾಲ್ಕು. ಅವುಗಳಲ್ಲಿ ಒಂದು, ಆ ತಂದೆಯ ಕಾದಂಬರಿ. ಮೊದಲಿನಿಂದ ಮತ್ತೆ ಓದಿದೆ. ಬಾಗಿಲ ಹತ್ತಿರ ಬಂದಾಗ ಪುಸ್ತಕ ಕೆಳಗಿಟ್ಟು ಒಂದು ದಿನ ಬಿಟ್ಟೆ. ಏನಾಗುತ್ತದೆಂದು ಗೊತ್ತಿತ್ತು, ಆದರೂ ಮರುದಿನ ಆ ಪುಟ ತೆರೆಯುವಾಗ ಕೈ ನಡುಗಿತು.

ಮೊನ್ನೆ ಮಧ್ಯಾಹ್ನ ಮಗಳು ಕಪಾಟಿನ ಕೆಳಗೆ ನೆಲದ ಮೇಲೆ ಕೂತು ಒಂದು ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡಿದ್ದಳು. ಅವಳ ವಯಸ್ಸಿಗೆ ಅದು ತುಸು ಹೆಚ್ಚೇ. ಸುಮಾರು ನಡುವಿನಲ್ಲಿ ತೆರೆದಿತ್ತು. ಮೊದಲಿನಿಂದ ಓದು ಪುಟ್ಟಾ ಎನ್ನಬೇಕೆಂದು ಬಾಯಿಗೆ ಬಂತು. ಎಲ್ಲಿಂದ ಶುರು ಮಾಡಿದೆ ಎಂದು ಮಾತ್ರ ಕೇಳಿದೆ. ‘ಚಿತ್ರ ಇದ್ದ ಕಡೆಯಿಂದ’ ಅಂದಳು. ಆಮೇಲೆ ಬೆರಳನ್ನು ಒಂದು ಸಾಲಿನ ಮೇಲಿಟ್ಟು, ಇವನು ಯಾಕೆ ಅಳುತ್ತಿದ್ದಾನೆ ಎಂದು ಕೇಳಿದಳು. ಆ ಪುಸ್ತಕ ನಾನು ಓದಿರಲಿಲ್ಲ, ಗೊತ್ತಿಲ್ಲ ಎಂದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ‘ಇರು, ನೋಡಿ ಹೇಳ್ತೀನಿ’ ಎಂದು ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವತೊಡಗಿದಳು.